ಕ್ರಾಫ್ಟ್ ಬಿಯರ್‌ನ ರುಚಿಪರೀಕ್ಷೆ ಮತ್ತು ಅಂಕನಿರ್ಣಯ

ಸ್ವತಂತ್ರ ತಯಾರಕರು ಸಣ್ಣ ಪ್ರಮಾಣದಲ್ಲಿ ಮಾಡುವ ಬಿಯರ್‌ಗಳನ್ನು ಮೂಸಿ, ನೋಡಿ, ಕುಡಿದು ಗುಣದೋಷಗಳನ್ನು ಗುರುತಿಸುವ, ಆ ತೀರ್ಪನ್ನು ಅಂಕ, ಪದಕ ಅಥವಾ ನಕ್ಷತ್ರಗಳಲ್ಲಿ ದಾಖಲಿಸುವ ಪದ್ಧತಿ. ಇಂದಿನ ರೂಪದಲ್ಲಿ ಇದು ಇಪ್ಪತ್ತನೆಯ ಶತಮಾನದ ಕೊನೆಯ ಮೂರು ದಶಕಗಳಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ಬೆಳೆಯಿತು. ಬಿಯರ್‌ಗೆ ಬಂದ ಯಾವ ಅಂಕವನ್ನೇ ಓದುವಾಗಲೂ ಮೊದಲು ಕೇಳಬೇಕಾದ್ದು ಒಂದೇ: ಅಂಕ ಕೊಟ್ಟವರು ಏನನ್ನು ಅಳೆಯುತ್ತಿದ್ದರು? ಸ್ಪರ್ಧೆಯ ತೀರ್ಪುಗಾರರು ಬಿಯರ್ ತನ್ನ ಶೈಲಿಗೆ ಎಷ್ಟು ಹೊಂದಿಕೊಂಡಿದೆ ಎಂದು ನೋಡುತ್ತಾರೆ. ಬ್ರೂವರಿಯ ಪ್ರಯೋಗಾಲಯದವರಿಗೆ ಕಳೆದ ವಾರದ ಬಿಯರ್‌ಗೂ ಈ ವಾರದ್ದಕ್ಕೂ ವ್ಯತ್ಯಾಸವಿದೆಯೇ ಎಂಬುದಷ್ಟೇ ಮುಖ್ಯ. ಫೋನಿನಲ್ಲಿ ನಕ್ಷತ್ರ ಒತ್ತುವ ಗ್ರಾಹಕರು ತಮಗೆ ಹಿಡಿಸಿತೋ ಇಲ್ಲವೋ ಎಂದು ಹೇಳುತ್ತಾರೆ. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದರಿಂದಲೇ ಬಿಯರ್ ಪ್ರಿಯರ ಅರ್ಧಕ್ಕರ್ಧ ಜಗಳಗಳು ಹುಟ್ಟುತ್ತವೆ.

ಯಾವುದನ್ನು ಕ್ರಾಫ್ಟ್ ಬಿಯರ್ ಎನ್ನಬೇಕು ಎಂಬುದರಲ್ಲೇ ಒಮ್ಮತವಿಲ್ಲ. ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ಪ್ರಕಾರ ವರ್ಷಕ್ಕೆ 60 ಲಕ್ಷ ಬ್ಯಾರೆಲ್ ಮೀರದ, ಕ್ರಾಫ್ಟ್ ಅಲ್ಲದ ಮದ್ಯ ಕಂಪನಿಗಳ ಪಾಲು ಶೇ. 25ಕ್ಕಿಂತ ಕಡಿಮೆಯಿರುವ ಬ್ರೂವರಿ ಈ ಹೆಸರಿಗೆ ಅರ್ಹ. 60 ಲಕ್ಷ ಬ್ಯಾರೆಲ್ ಎಂದರೆ ಸುಮಾರು 70 ಕೋಟಿ ಲೀಟರ್. ಅಮೆರಿಕದವರ ಲೆಕ್ಕದಲ್ಲಿ ಇದೂ ಸಣ್ಣದೇ!

ಹಿನ್ನೆಲೆ

ಬಿಯರ್‌ಗೆ ಗಂಭೀರ ವಿಮರ್ಶೆ ಬೇಕು ಎಂಬ ಭಾವನೆ ಹುಟ್ಟಿದ್ದು ಬಿಯರ್ ಕೆಡುತ್ತಿದೆ ಎಂಬ ಸಿಟ್ಟಿನಿಂದ. ಬ್ರಿಟನ್ನಿನ ದೊಡ್ಡ ಕಂಪನಿಗಳು ಪೀಪಾಯಿಯಲ್ಲೇ ಹುದುಗುತ್ತ ಪಕ್ವವಾಗುವ ಸಾಂಪ್ರದಾಯಿಕ ಏಲ್ ಕೈಬಿಟ್ಟು, ಸೋಸಿ ಅನಿಲ ತುಂಬಿದ ಬಿಯರ್ ಕಡೆ ತಿರುಗಿದಾಗ 1971ರಲ್ಲಿ 'ಕ್ಯಾಮ್ರಾ' ಎಂಬ ಗ್ರಾಹಕ ಸಂಘಟನೆ ಹುಟ್ಟಿತು. 1974ರಿಂದ ಅದು ಒಳ್ಳೆಯ ಪಬ್‌ಗಳ ಕೈಪಿಡಿ ಪ್ರಕಟಿಸತೊಡಗಿತು. 1978ರಲ್ಲಿ 'ಚಾಂಪಿಯನ್ ಬಿಯರ್ ಆಫ್ ಬ್ರಿಟನ್' ಪ್ರಶಸ್ತಿ ಶುರುಮಾಡಿತು. ಈ ನಡುವೆ 1977ರಲ್ಲಿ ಮೈಕೆಲ್ ಜಾಕ್ಸನ್ ಬರೆದ 'ದಿ ವರ್ಲ್ಡ್ ಗೈಡ್ ಟು ಬಿಯರ್' ಹೊರಬಂತು. ಈತ ಗಾಯಕನಲ್ಲ, ಅದೇ ಹೆಸರಿನ ಇಂಗ್ಲಿಷ್ ಪತ್ರಕರ್ತ. ಅಲ್ಲಿಯವರೆಗೆ ಊರಿನ ಅಥವಾ ಕಂಪನಿಯ ಹೆಸರಿನಲ್ಲಿ ಮಾತ್ರ ಗುರುತಿಸಿಕೊಂಡಿದ್ದ ಬಿಯರ್‌ಗಳನ್ನು ಆತ ಶೈಲಿಗಳಾಗಿ ವಿಂಗಡಿಸಿದ. ಇಂದು ಸ್ಪರ್ಧೆಗಳಲ್ಲಿ ಬಳಸುವ ಶೈಲಿಪಟ್ಟಿಗಳೆಲ್ಲ ಆ ವಿಂಗಡಣೆಯ ಋಣದಲ್ಲಿವೆ.

ಅಮೆರಿಕದ ಕಥೆ ಬೇರೆ. 1920ರಿಂದ 1933ರವರೆಗಿನ ಪಾನನಿಷೇಧ, ಅದರ ನಂತರ ಕಂಪನಿಗಳು ಒಂದನ್ನೊಂದು ನುಂಗುತ್ತ ಹೋದದ್ದು, ಎರಡೂ ಸೇರಿ 1970ರ ದಶಕದ ಕೊನೆಗೆ ಇಡೀ ದೇಶದಲ್ಲಿ ನೂರು ಬ್ರೂವರಿಗಳೂ ಉಳಿದಿರಲಿಲ್ಲ. ಉಳಿದವು ಮಾಡುತ್ತಿದ್ದದ್ದೂ ಬಹುಮಟ್ಟಿಗೆ ಒಂದೇ ಬಗೆಯ ತೆಳು ಲಾಗರ್. 1965ರಲ್ಲಿ ಫ್ರಿಟ್ಜ್ ಮೇಟ್ಯಾಗ್ ಸ್ಯಾನ್ ಫ್ರಾನ್ಸಿಸ್ಕೋದ ಮುಳುಗುತ್ತಿದ್ದ ಆಂಕರ್ ಬ್ರೂವರಿಯನ್ನು ಕೊಂಡರು. 1976ರಲ್ಲಿ ಜ್ಯಾಕ್ ಮ್ಯಾಕಾಲಿಫ್ ಕ್ಯಾಲಿಫೋರ್ನಿಯಾದ ಸೊನೋಮಾದಲ್ಲಿ ನ್ಯೂ ಆಲ್ಬಿಯನ್ ತೆರೆದರು. ಅದು ಕೆಲವೇ ವರ್ಷ ಬದುಕಿತು, ಆದರೆ ಹಾದಿ ತೋರಿಸಿತು. ಮನೆಯಲ್ಲಿ ಬಿಯರ್ ಮಾಡಿಕೊಳ್ಳುವುದನ್ನು ಕಾನೂನುಬದ್ಧಗೊಳಿಸಿದ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದರು. ಕ್ರಾಫ್ಟ್ ಬಿಯರ್‌ನ ಮೊದಲ ತಲೆಮಾರಿನ ತಯಾರಕರೂ ತೀರ್ಪುಗಾರರೂ ಬಂದದ್ದು ಬಹುಪಾಲು ಈ ಮನೆ ತಯಾರಕರ ನಡುವಿನಿಂದಲೇ.

1982ರಲ್ಲಿ ಕೊಲರಾಡೋದ ಬೋಲ್ಡರ್ ನಗರದಲ್ಲಿ 'ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್' ಆರಂಭವಾಯಿತು. ಮೊದಮೊದಲು ಅಲ್ಲಿ ಉತ್ತಮ ಬಿಯರ್ ಯಾವುದೆಂದು ಬಂದ ಜನರೇ ಮತ ಹಾಕಿ ಆರಿಸುತ್ತಿದ್ದರು. 1985ರಲ್ಲಿ ಆ ಮತ ಗೆದ್ದ ಸ್ಯಾಮ್ಯುಯೆಲ್ ಆ್ಯಡಮ್ಸ್ ಬಾಸ್ಟನ್ ಲಾಗರ್ ಅದನ್ನು ತನ್ನ ಜಾಹೀರಾತಿನ ಬಂಡವಾಳ ಮಾಡಿಕೊಂಡಿತು, ಉಳಿದ ತಯಾರಕರು ಗೊಣಗಿದರು. 1987ರಿಂದ ಹೆಸರು ಮುಚ್ಚಿಟ್ಟ ಬಿಯರ್‌ಗಳನ್ನು ಪರಿಣತರು ಕುಡಿದು ಪದಕ ಕೊಡುವ ಕ್ರಮ ಬಂತು, ಜನಮತ ಕ್ರಮೇಣ ಹಿಂದೆ ಸರಿಯಿತು. ಇಂದಿನ ಆ್ಯಪ್‌ಗಳ ನಕ್ಷತ್ರಗಳಲ್ಲಿ ಅದೇ ಜನಮತ ಮರಳಿ ಬಂದಿದೆ, ಹಳೆಯ ತಂಟೆಗಳ ಸಮೇತ.

ರುಚಿ ನೋಡುವ ಕ್ರಮ

ಪರೀಕ್ಷೆಗೆ ಹೆಚ್ಚು ಬಿಯರ್ ಬೇಕಿಲ್ಲ. ಬಾಯಿ ಸ್ವಲ್ಪ ಕಿರಿದಾದ, ಸುವಾಸನೆ ಹಿಡಿದಿಡುವ ಪಾರದರ್ಶಕ ಲೋಟದಲ್ಲಿ 60ರಿಂದ 90 ಮಿಲಿಲೀಟರ್ ಸಾಕು. ಲೋಟ ಶುಚಿಯಾಗಿರಬೇಕು ಎಂಬುದು ಮಾಮೂಲು ಮಾತಾಗಿ ಕಂಡರೂ ಇಲ್ಲೇ ಹೆಚ್ಚು ಎಡವಟ್ಟಾಗುವುದು. ಬಿಯರ್ ಸುರಿದ ಮೇಲೆ ಲೋಟದ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ನಿಂತರೆ ಅಲ್ಲಿ ಜಿಡ್ಡೋ ಸೋಪಿನ ಪುಡಿಯೋ ಉಳಿದಿದೆ ಎಂದರ್ಥ. ಜಿಡ್ಡು ನೊರೆಯನ್ನು ಕೊಲ್ಲುತ್ತದೆ. ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ಪ್ರೋಟೀನು ಮತ್ತು ಹಾಪ್ಸ್ ಹೂವಿನ ಕಹಿಅಂಶ ಸೇರಿ ಕಟ್ಟುವ ನೊರೆ ಇಳಿದುಹೋದರೆ ಪರಿಮಳವೂ ಬೇಗ ಆರಿಹೋಗುತ್ತದೆ.

ಉಷ್ಣತೆ ಇನ್ನೊಂದು ಸಮಸ್ಯೆ. ನಮ್ಮಲ್ಲಿ ಬಿಯರ್ ಎಂದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರಬೇಕು ಎಂಬ ರೂಢಿಯಿದೆ. ಅಷ್ಟು ತಂಪಿನಲ್ಲಿ ಪರಿಮಳದ ಅಣುಗಳು ಮೇಲೇಳುವುದಿಲ್ಲ, ನಾಲಿಗೆಯೂ ಜಡವಾಗುತ್ತದೆ, ಕೆಟ್ಟ ಬಿಯರ್‌ನ ದೋಷಗಳು ಮುಚ್ಚಿಹೋಗುತ್ತವೆ. ಲಾಗರ್‌ಗಳಿಗೆ 4ರಿಂದ 7 ಡಿಗ್ರಿ ಸೆಲ್ಸಿಯಸ್, ಪೇಲ್ ಏಲ್‌ಗಳಿಗೆ 7ರಿಂದ 10, ಗಾಢ ಸ್ಟೌಟ್ ಮತ್ತು ಬಾರ್ಲಿವೈನ್‌ಗಳಿಗೆ 10ರಿಂದ 13 ಡಿಗ್ರಿ ತಕ್ಕದ್ದು.

ಲೋಟ ಕೈಗೆ ಬಂದೊಡನೆ ಅನುಭವಿ ತೀರ್ಪುಗಾರರು ಮೂಸುತ್ತಾರೆ, ನೋಡುವುದು ಆಮೇಲೆ. ಗಂಧಕದ ಕೆಲವು ವಾಸನೆಗಳು ಅರೆ ನಿಮಿಷದಲ್ಲಿ ಹಾರಿಹೋಗುವುದರಿಂದ ಮೊದಲ ಉಸಿರು ಅಮೂಲ್ಯ. ನಂತರ ಲೋಟದ ಬಾಯಿಗೆ ಅಂಗೈ ಮುಚ್ಚಿ ನಿಧಾನವಾಗಿ ತಿರುಗಿಸಿ ಮತ್ತೆ ಮೂಸುವುದುಂಟು. ದೀರ್ಘ ಉಸಿರಿಗಿಂತ ಚಿಕ್ಕ ಚಿಕ್ಕ ಉಸಿರುಗಳು ಮೇಲು, ಮೂಗು ಬೇಗ ದಣಿಯುತ್ತದೆ. ಬಣ್ಣ, ತಿಳಿ, ನೊರೆ ನೋಡಿದ ಮೇಲೆ ಒಂದು ಗುಟುಕು. ಅದನ್ನು ಬಾಯ ತುಂಬ ಆಡಿಸಿ ನುಂಗುತ್ತಾರೆ. ವೈನ್ ಪರೀಕ್ಷಕರು ಉಗುಳುವುದು ರೂಢಿ; ಬಿಯರ್‌ನವರು ಸಾಮಾನ್ಯವಾಗಿ ನುಂಗುತ್ತಾರೆ. ಕಹಿ ಎಷ್ಟು ಹೊತ್ತು ನಿಲ್ಲುತ್ತದೆ, ಹೇಗೆ ಕರಗುತ್ತದೆ ಎಂಬುದು ತೀರ್ಪಿನ ಮುಖ್ಯ ಭಾಗ. ಜೊತೆಗೆ, ನುಂಗಿದ ಮೇಲೆ ಗಂಟಲ ಹಿಂಬದಿಯಿಂದ ಆವಿ ಮೂಗಿಗೇರುತ್ತದೆ. ನಾವು ರುಚಿ ಎಂದು ಕರೆಯುವುದರಲ್ಲಿ ಬಹುಪಾಲು ಈ ಒಳದಾರಿಯ ವಾಸನೆಯೇ. ನೆಗಡಿಯಾದಾಗ ಸಾರು ಸಪ್ಪೆಯೆನಿಸುವುದು ಇದರಿಂದಲೇ. ನಾಲಿಗೆಯ ತುದಿಯಲ್ಲಿ ಸಿಹಿ, ಹಿಂಬದಿಯಲ್ಲಿ ಕಹಿ ಎಂಬ ಶಾಲಾಪುಸ್ತಕದ ನಕ್ಷೆ ತಪ್ಪು. ಎಲ್ಲ ರುಚಿಗಳೂ ನಾಲಿಗೆಯ ಎಲ್ಲ ಕಡೆ ತಿಳಿಯುತ್ತವೆ. ಆದರೆ ಮನುಷ್ಯರಿಂದ ಮನುಷ್ಯರಿಗೆ ಕಹಿಯ ಸಂವೇದನೆ ವಂಶವಾಹಿಯಿಂದಲೇ ಬದಲಾಗುತ್ತದೆ, ಹಾಗಾಗಿ ಒಬ್ಬರಿಗೆ ಹಿತವಾದ ಐಪಿಎ (ಹಾಪ್ಸ್ ಹೆಚ್ಚಿರುವ ಇಂಡಿಯಾ ಪೇಲ್ ಏಲ್) ಇನ್ನೊಬ್ಬರಿಗೆ ಕಷಾಯವಾಗುವುದು ನಖರಾ ಅಲ್ಲ.

ಕಹಿಯನ್ನು ಅಳೆಯುವ ಮಾಪನ ಐಬಿಯು. ಒಂದು ಐಬಿಯು ಎಂದರೆ ಸ್ಥೂಲವಾಗಿ ಲೀಟರಿಗೆ ಒಂದು ಮಿಲಿಗ್ರಾಂ ಐಸೋ ಆಲ್ಫಾ ಆಮ್ಲ. ಮೆನುವಿನಲ್ಲಿ ಈ ಸಂಖ್ಯೆಯನ್ನು ಶೌರ್ಯಪದಕದಂತೆ ಅಚ್ಚುಹಾಕುವವರಿದ್ದಾರೆ, ಆದರೆ ಬಾಯಿಗೆ ತಿಳಿಯುವ ಕಹಿ ಅದೊಂದರಿಂದಲೇ ನಿರ್ಧಾರವಾಗದು. ಮಾಲ್ಟ್‌ನ ಸಿಹಿ ಹೆಚ್ಚಿದ್ದರೆ 60 ಐಬಿಯು ಬಾರ್ಲಿವೈನ್ ಮೃದುವೆನಿಸೀತು, ಸಿಹಿ ಉಳಿಯದ 40 ಐಬಿಯು ಪೇಲ್ ಏಲ್ ನಾಲಿಗೆ ಹಿಡಿದೀತು.

ಬಿಯರ್‌ಗಳನ್ನು ಸಾಲಾಗಿ ನೋಡುವಾಗ ತೆಳುವಿನಿಂದ ಗಾಢಕ್ಕೆ, ಕಡಿಮೆ ಮದ್ಯಾಂಶದಿಂದ ಹೆಚ್ಚಿನದಕ್ಕೆ ಹೋಗುತ್ತಾರೆ. ನಡುನಡುವೆ ನೀರು ಮತ್ತು ಉಪ್ಪು ಖಾರವಿಲ್ಲದ ಬ್ರೆಡ್. ಅತ್ತರು, ಲಿಪ್‌ಸ್ಟಿಕ್, ಆಗಷ್ಟೇ ಕುಡಿದ ಕಾಫಿ, ಮಸಾಲೆಯೂಟ ಇವೆಲ್ಲ ವರ್ಜ್ಯ. ಎಷ್ಟೇ ಪಳಗಿದವರಾದರೂ ಹತ್ತು ಹನ್ನೆರಡು ಮಾದರಿಗಳಾದ ಮೇಲೆ ಮೂಗು ನಾಲಿಗೆಗಳು ಸೋಲುತ್ತವೆ, ತಲೆಗೇರಿದ ಮದ್ಯ ಅಂಕಗಳನ್ನು ಉದಾರವಾಗಿಸುತ್ತದೆ.

ದೋಷಗಳ ವಿದ್ಯೆ

ಚೆನ್ನಾಗಿದೆ ಎನ್ನಲು ಯಾರಿಗೂ ತರಬೇತಿ ಬೇಡ. ಏನು ಕೆಟ್ಟಿದೆ, ತಯಾರಿಕೆಯ ಯಾವ ಹಂತದಲ್ಲಿ ಕೆಟ್ಟಿತು ಎಂದು ಹೇಳುವುದು ವಿದ್ಯೆ. ಇದಕ್ಕೆ ಸಾಮಾನ್ಯ ಭಾಷೆಯೊಂದನ್ನು ಕಟ್ಟಿಕೊಟ್ಟವರಲ್ಲಿ ಡೆನ್ಮಾರ್ಕ್ ಮೂಲದ ರಸಾಯನಜ್ಞ ಮಾರ್ಟನ್ ಮೈಲ್‌ಗಾರ್ಡ್ ಮುಖ್ಯರು. 1970ರ ದಶಕದಲ್ಲಿ ಅವರೂ ಸಂಗಡಿಗರೂ ರೂಪಿಸಿದ 'ಫ್ಲೇವರ್ ವ್ಹೀಲ್' ಬಿಯರ್‌ನ ರುಚಿ ಗಂಧಗಳನ್ನು 14 ವರ್ಗಗಳಾಗಿ ಚಕ್ರಾಕಾರದಲ್ಲಿ ಜೋಡಿಸುತ್ತದೆ. ಯುರೋಪು ಮತ್ತು ಅಮೆರಿಕದ ಬಿಯರ್ ವಿಜ್ಞಾನ ಸಂಸ್ಥೆಗಳು ಅದನ್ನು ಒಪ್ಪಿಕೊಂಡವು. ಬರೀ 'ಹಿತವಾಗಿದೆ', 'ವಿಚಿತ್ರವಾಗಿದೆ' ಎನ್ನುವ ಬದಲು ಪ್ರತಿ ಪದದ ಹಿಂದೆ ಸಾಧ್ಯವಾದಷ್ಟೂ ಒಂದು ರಾಸಾಯನಿಕವನ್ನು ನಿಲ್ಲಿಸುವುದು ಅದರ ಹೆಗ್ಗಳಿಕೆ.

ಕೆಲವನ್ನು ಇಲ್ಲಿ ವಿವರಿಸಬಹುದು. ಕರಗಿದ ಬೆಣ್ಣೆಯ ವಾಸನೆ ಬಂದರೆ ಅದು ಡೈಅಸಿಟೈಲ್. ಹುದುಗುವಾಗ ಹುಟ್ಟುವ ಇದನ್ನು ಕೊನೆಯ ದಿನಗಳಲ್ಲಿ ಯೀಸ್ಟೇ ಹೀರಿಕೊಳ್ಳಬೇಕು. ಅವಸರಪಟ್ಟು ಬಿಯರ್ ತಣ್ಣಗೆ ಮಾಡಿದರೆ ಉಳಿದುಬಿಡುತ್ತದೆ. ಬ್ಯಾಕ್ಟೀರಿಯ ಸೋಂಕಿನಿಂದಲೂ, ತೊಳೆಯದ ನಳಿಕೆಗಳಿಂದಲೂ ಬರಬಹುದು. ತೆಳು ಲಾಗರ್‌ನಲ್ಲಿ ದಶಲಕ್ಷಕ್ಕೆ 0.1 ಭಾಗದಷ್ಟಿದ್ದರೂ ಹಲವರ ಮೂಗಿಗೆ ತಿಳಿಯುತ್ತದೆ, ಕೆಲವರಿಗೆ ಎಷ್ಟಿದ್ದರೂ ತಿಳಿಯುವುದಿಲ್ಲ. ಬೇಯಿಸಿದ ಮೆಕ್ಕೆಜೋಳದ ವಾಸನೆ ಡೈಮೀಥೈಲ್ ಸಲ್ಫೈಡ್‌ನದು. ತಿಳಿಬಣ್ಣದ ಮಾಲ್ಟ್‌ನಲ್ಲಿ ಅದರ ಮೂಲದ್ರವ್ಯ ಇರುತ್ತದೆ, ಮುಚ್ಚಳ ತೆಗೆದು ರಭಸದಿಂದ ಕುದಿಸಿದರೆ ಹಾರಿಹೋಗುತ್ತದೆ. ಹಸಿರು ಸೇಬಿನ ಅಥವಾ ಹೊಸ ಪೇಂಟಿನ ವಾಸನೆ ಅಸಿಟಾಲ್ಡಿಹೈಡ್, ಬಿಯರ್ ಇನ್ನೂ ಎಳಸು ಎಂಬುದರ ಗುರುತು. ಆಸ್ಪತ್ರೆಯ ಬ್ಯಾಂಡೇಜಿನ ನಾತ ಬಂದರೆ ಕ್ಲೋರಿನ್ ಇದ್ದ ನೀರನ್ನೋ ತೊಳೆಯುವ ರಾಸಾಯನಿಕವನ್ನೋ ಸಂಶಯಿಸಬೇಕು. ಬೆವರಿದ ಕಾಲುಚೀಲದ ವಾಸನೆ ಹಳೆಯ ಹಾಪ್ಸ್‌ನ ಐಸೋವಲೆರಿಕ್ ಆಮ್ಲ.

ಗ್ರಾಹಕರಿಗೆ ಹೆಚ್ಚಾಗಿ ಎದುರಾಗುವುದು ಎರಡು. ಒಂದು, ಒದ್ದೆ ರಟ್ಟಿನ ವಾಸನೆ. ಟ್ರಾನ್ಸ್-2-ನಾನೆನಾಲ್ ಎಂಬ ಸಂಯುಕ್ತದಿಂದ ಬರುವ ಇದು ಬಿಯರ್ ಹಳತಾಗಿದೆ, ಬಿಸಿಯಲ್ಲಿ ಬಿದ್ದಿತ್ತು ಎನ್ನುತ್ತದೆ. ಇನ್ನೊಂದು, ಬೆಳಕು ತಾಗಿ ಹುಟ್ಟುವ ಗಬ್ಬು. ಬೆಳಕಿಗೆ ಹಾಪ್ಸ್‌ನ ಕಹಿಅಂಶ ಒಡೆದು ಗಂಧಕದ ಥಯಾಲ್ ಒಂದು ರೂಪುಗೊಳ್ಳುತ್ತದೆ; ಅಮೆರಿಕದ ಸ್ಕಂಕ್ ಪ್ರಾಣಿ ಸಿಂಪಡಿಸುವ ದ್ರವದ ನಾತಕ್ಕೆ ಅದು ತೀರ ಹತ್ತಿರ. ಕಂದು ಗಾಜು ಇದನ್ನು ಬಹಳಷ್ಟು ತಡೆಯುತ್ತದೆ, ಹಸಿರು ಮತ್ತು ಬಿಳಿ ಗಾಜು ತಡೆಯುವುದಿಲ್ಲ, ಕ್ಯಾನ್ ಪೂರ್ತಿ ತಡೆಯುತ್ತದೆ. ಎರಡೂ ದೋಷ ತಯಾರಕರ ಕೈದಾಟಿದ ಮೇಲೆ, ಗೋದಾಮು ಅಂಗಡಿಗಳಲ್ಲಿ ಬರುವಂಥವು. ಹೀಗೆ ಕೆಟ್ಟ ಬಾಟಲಿ ಕುಡಿದು ಬ್ರೂವರಿಗೆ ಒಂದು ನಕ್ಷತ್ರ ಕೊಡುವುದು ನಿತ್ಯದ ಅನ್ಯಾಯ.

ಇಲ್ಲಿಯೂ ದೋಷ ಎಂಬುದು ಶೈಲಿಯನ್ನು ಅವಲಂಬಿಸಿದೆ. ಜರ್ಮನಿಯ ವೈಸ್‌ಬಿಯರ್‌ನಲ್ಲಿ ಮಾಗಿದ ಬಾಳೆಹಣ್ಣು ಮತ್ತು ಲವಂಗದ ಪರಿಮಳ ಇರಲೇಬೇಕು. ಐಸೋಅಮೈಲ್ ಅಸಿಟೇಟ್ ಮತ್ತು 4-ವಿನೈಲ್ ಗ್ವಾಯಕಾಲ್ ಎಂಬ ಯೀಸ್ಟ್‌ಜನ್ಯ ಸಂಯುಕ್ತಗಳು ಅವನ್ನು ಕೊಡುತ್ತವೆ. ಅದೇ ಲವಂಗ ಪಿಲ್ಸ್‌ನರ್‌ನಲ್ಲಿ ಕಂಡರೆ ಕಾಡು ಯೀಸ್ಟ್ ಹೊಕ್ಕಿದೆ ಎಂದು ಬ್ರೂವರ್ ತಲೆಯ ಮೇಲೆ ಕೈಹೊತ್ತು ಕೂರುತ್ತಾರೆ. ಬ್ರಸೆಲ್ಸ್ ಸುತ್ತಿನ ಲ್ಯಾಂಬಿಕ್ ಗಾಳಿಯಲ್ಲಿನ ಯೀಸ್ಟ್ ಬ್ಯಾಕ್ಟೀರಿಯಗಳಿಂದಲೇ ಹುದುಗಿ, ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಕೂತು, ಚುರುಕು ಹುಳಿಯೂ ಕುದುರೆಲಾಯದ ವಾಸನೆಯೂ ಆಗಿ ಹೊರಬರುತ್ತದೆ. ಬೇರೆ ಯಾವ ಬಿಯರ್‌ನಲ್ಲಾದರೂ ಇದು ಚರಂಡಿಗೆ ಸುರಿಯುವ ಸರಕು. ಇಲ್ಲಿ ಇದಕ್ಕಾಗಿಯೇ ಜನ ದೇಶ ದಾಟಿ ಬರುತ್ತಾರೆ.

ಸ್ಪರ್ಧೆಯ ಅಂಕಪದ್ಧತಿ

ಅತ್ಯಂತ ವ್ಯಾಪಕವಾಗಿ ಬಳಕೆಯಲ್ಲಿರುವುದು 1985ರಲ್ಲಿ ಅಮೆರಿಕದಲ್ಲಿ ಆರಂಭವಾದ 'ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂ', ಅಂದರೆ ಬಿಜೆಸಿಪಿಯ 50 ಅಂಕಗಳ ಹಾಳೆ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯನುಭವಕ್ಕೆ 5, ಒಟ್ಟು ಪರಿಣಾಮಕ್ಕೆ 10. ಬಾಯನುಭವ ಎಂದರೆ ತೂಕ, ಅನಿಲದ ಚುರುಕು, ಒಗರು, ಮದ್ಯದ ಬಿಸಿ. 45 ಅಥವಾ ಅದಕ್ಕೆ ಮೇಲ್ಪಟ್ಟರೆ ಅಸಾಧಾರಣ, 38ರಿಂದ 44 ಅತ್ಯುತ್ತಮ, 30ರಿಂದ 37 ತುಂಬ ಚೆನ್ನ, 21ರಿಂದ 29 ಚೆನ್ನ. 14ರಿಂದ 20 ಸಾಧಾರಣ, ಅದಕ್ಕೂ ಕೆಳಗಿನದು ದೋಷಪೂರ್ಣ. ಹಾಳೆಯ ಬಹುಭಾಗ ಬರೆಯಲು ಬಿಟ್ಟ ಖಾಲಿ ಗೆರೆಗಳು. ತೀರ್ಪುಗಾರರ ಪರೀಕ್ಷೆಯಲ್ಲಿ ಅಭ್ಯರ್ಥಿಗಳು 90 ನಿಮಿಷದಲ್ಲಿ ಆರು ಬಿಯರ್‌ಗಳಿಗೆ ಇಂಥ ಹಾಳೆ ತುಂಬಬೇಕು. ಅಂಕಗಳ ಜೊತೆಗೆ ವರ್ಣನೆಯ ನಿಖರತೆ ಮತ್ತು ತಯಾರಕರಿಗೆ ಕೊಟ್ಟ ಸಲಹೆಯನ್ನೂ ಅಲ್ಲಿ ತೂಗುತ್ತಾರೆ.

ಈ ಪದ್ಧತಿಯ ಜೀವಾಳ ಶೈಲಿಯ ಮಾರ್ಗಸೂಚಿ. ದೋಸೆ ಎಷ್ಟೇ ಗರಿಗರಿಯಾಗಿದ್ದರೂ ಇಡ್ಲಿ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಸಿಗದು. ಹಾಗೆಯೇ ಸೊಗಸಾದ ಸ್ಟೌಟ್ ಒಂದನ್ನು ತಪ್ಪಿ ಪೋರ್ಟರ್ ವಿಭಾಗಕ್ಕೆ ಕಳುಹಿಸಿದರೆ ಅಂಕ ಬೀಳುತ್ತದೆ. ಇದನ್ನು ಕಟುವಾಗಿ ಟೀಕಿಸುವವರಿದ್ದಾರೆ. ಅವರ ವಾದದಲ್ಲಿ ಹುರುಳಿದೆ ಎನ್ನಲು ಮಬ್ಬು ಐಪಿಎಯ ಉದಾಹರಣೆ ಸಾಕು. ವರ್ಮಾಂಟ್‌ನ 'ದಿ ಆಲ್ಕೆಮಿಸ್ಟ್' ಬ್ರೂವರಿಯ 'ಹೆಡಿ ಟಾಪರ್' ಮುಂತಾದವು ಮಾವು, ಕಿತ್ತಳೆಯ ಪರಿಮಳದ, ಹಣ್ಣಿನ ರಸದಂತೆ ಮಬ್ಬಾದ ಐಪಿಎಗೆ ಜನರನ್ನು ಹುಚ್ಚೆಬ್ಬಿಸಿದ್ದರೂ ಸ್ಪರ್ಧೆಯ ಪುಸ್ತಕದಲ್ಲಿ ಐಪಿಎ ತಿಳಿಯಾಗಿರಬೇಕಿತ್ತು. 2018ರಲ್ಲಿ ಬ್ರೂವರ್ಸ್ ಅಸೋಸಿಯೇಷನ್ ಇದನ್ನು ಪ್ರತ್ಯೇಕ ಶೈಲಿಯಾಗಿ ಸೇರಿಸಿತು; ಅದೇ ವರ್ಷ ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್‌ಗೆ ಅತಿ ಹೆಚ್ಚು ಬಿಯರ್‌ಗಳು ಬಂದದ್ದು ಆ ವಿಭಾಗಕ್ಕೇ. ನಿನ್ನೆಯ ದೋಷ ಇಂದಿನ ಲಕ್ಷಣವಾಯಿತು. ಆದರೂ ಶೈಲಿಯಿಲ್ಲದೆ ತೀರ್ಪು ಕೊಟ್ಟರೆ ಏನಾಗುತ್ತದೆ ಎಂಬುದನ್ನು ಮುಂದೆ ನೋಡಲಿದ್ದೇವೆ, ಅದು ಇದಕ್ಕಿಂತ ಒಳ್ಳೆಯದೇನಲ್ಲ.

ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್ ಮತ್ತು 1996ರಲ್ಲಿ ಆರಂಭವಾದ 'ವರ್ಲ್ಡ್ ಬಿಯರ್ ಕಪ್'ಗಳಲ್ಲಿ ಅಂಕ ಕೂಡಿಸುವುದಿಲ್ಲ, ತೀರ್ಪುಗಾರರು ಮೇಜಿನ ಸುತ್ತ ಚರ್ಚಿಸಿ ಪದಕ ನಿರ್ಧರಿಸುತ್ತಾರೆ. ಯೋಗ್ಯವಾದುದು ಇಲ್ಲವೆನಿಸಿದರೆ ಚಿನ್ನವನ್ನು ತಡೆಹಿಡಿಯುವ ಅಧಿಕಾರವೂ ಅವರಿಗಿದೆ. ಕ್ಯಾಮ್ರಾ ಸದಸ್ಯರು ಬಳಸುವ ಸೊನ್ನೆಯಿಂದ ಐದರ ಮಾಪನ ಮತ್ತೂ ಬೇರೆ ಜಾತಿಯದು. ಅದು ಅಳೆಯುವುದು ಆ ದಿನ ಆ ಪಬ್‌ನವರು ಬಿಯರನ್ನು ಎಷ್ಟು ಚೆನ್ನಾಗಿ ಕಾಪಾಡಿ ಬಡಿಸಿದರು ಎಂಬುದನ್ನು. ಪಾಕವಿಧಾನ ಅಲ್ಲಿ ಪ್ರಶ್ನೆಯೇ ಅಲ್ಲ. ಸರಳವಾಗಿ ಕಂಡರೂ ಗ್ರಾಹಕರಿಗೆ ಅತ್ಯಂತ ಉಪಯುಕ್ತವಾದ ಅಂಕ ಇದೇ ಇರಬೇಕು. ವೃತ್ತಿಪರರಿಗೆ 2008ರಿಂದ ಪರೀಕ್ಷೆ ನಡೆಸುತ್ತಿರುವ 'ಸಿಸಿರೋನ್' ಪ್ರಮಾಣಪತ್ರವೂ ಬಿಯರ್ ಸಂಗ್ರಹಣೆ ಮತ್ತು ಬಡಿಸುವಿಕೆಗೆ ದೊಡ್ಡ ಪಾಲು ಕೊಡುತ್ತದೆ.

ಹೆಸರು ಮುಚ್ಚಿದ ಪರೀಕ್ಷೆ

ಹಣೆಪಟ್ಟಿ ಕಂಡ ಕೂಡಲೇ ನಾಲಿಗೆ ಪಕ್ಷಪಾತಿಯಾಗುತ್ತದೆ. 1964ರಲ್ಲಿ ಪ್ರಕಟವಾದ ಆ್ಯಲಿಸನ್ ಮತ್ತು ಉಲ್ ಅವರ ಅಧ್ಯಯನದಲ್ಲಿ, ಹೆಸರಿಲ್ಲದ ಬಾಟಲಿಗಳಿಂದ ಕುಡಿದ ಬಿಯರ್ ಪ್ರಿಯರಿಗೆ ತಮ್ಮ ಮೆಚ್ಚಿನ ಬ್ರ್ಯಾಂಡನ್ನು ಉಳಿದವುಗಳಿಂದ ಬೇರ್ಪಡಿಸಲು ಆಗಲಿಲ್ಲ. ಲೇಬಲ್ ಮರಳಿ ಅಂಟಿಸಿದಾಗ ಅದಕ್ಕೆ ಅಂಕ ಏರಿತು. 2006ರಲ್ಲಿ ಲೀ, ಫ್ರೆಡ್ರಿಕ್ ಮತ್ತು ಏರಿಯಲಿ ಬಿಯರ್‌ಗೆ ಕೆಲವು ಹನಿ ಬಾಲ್ಸಾಮಿಕ್ ವಿನೆಗರ್ ಬೆರೆಸಿ ಕೊಟ್ಟರು. ಕುಡಿಯುವ ಮೊದಲೇ ವಿಷಯ ತಿಳಿದವರು ಮುಖ ಸಿಂಡರಿಸಿದರು. ಕುಡಿದ ಮೇಲೆ ತಿಳಿದವರಿಗೆ, ಏನೂ ತಿಳಿಯದವರಿಗೆ ಇದ್ದಂತೆಯೇ, ಅದು ಹಿಡಿಸಿತ್ತು. ತಿಳಿವಳಿಕೆ ಅನುಭವವನ್ನೇ ತಿದ್ದುತ್ತದೆ, ಅನುಭವವಾದ ಮೇಲೆ ಬಂದರೆ ಅದಕ್ಕೆ ಆ ಬಲವಿಲ್ಲ.

ಬ್ರೂವರಿಗಳ ಪ್ರಯೋಗಾಲಯಗಳು ಇದನ್ನು ಮೊದಲೇ ಅರಿತಿದ್ದವು. ಮೂರು ಲೋಟಗಳಲ್ಲಿ ಎರಡರಲ್ಲಿ ಒಂದೇ ಬಿಯರ್ ಇಟ್ಟು ಬೇರೆಯಾದುದನ್ನು ಹುಡುಕಿಸುವ ತ್ರಿಕೋನ ಪರೀಕ್ಷೆ ಅವುಗಳ ನಿತ್ಯದ ಸಾಧನ. ಸುಮ್ಮನೆ ಊಹಿಸಿದರೂ ಮೂರರಲ್ಲಿ ಒಬ್ಬರು ಸರಿ ಹೇಳುತ್ತಾರೆ. ಹಾಗಾಗಿ 24 ಜನರಲ್ಲಿ ಎಂಟು ಮಂದಿ ಗುರುತಿಸಿದರೆ ಏನೂ ಸಾಬೀತಾಗದು. ಕನಿಷ್ಠ 13 ಮಂದಿ ಗುರುತಿಸಿದರೆ ಶೇ. 5ರ ಮಟ್ಟದಲ್ಲಿ ವ್ಯತ್ಯಾಸವಿದೆ ಎನ್ನಬಹುದು. ಸಂಖ್ಯಾಶಾಸ್ತ್ರ ಓದಿದವರಿಗೆಲ್ಲ ಗೊತ್ತಿರುವ 'ಸ್ಟೂಡೆಂಟ್ ಟಿ' ಪರೀಕ್ಷೆಯನ್ನು 1908ರಲ್ಲಿ ಕೊಟ್ಟ ವಿಲಿಯಂ ಗಾಸೆಟ್ ಡಬ್ಲಿನ್‌ನ ಗಿನ್ನೆಸ್ ಬ್ರೂವರಿಯ ನೌಕರರೇ. ಕಡಿಮೆ ಮಾದರಿಗಳಿಂದ ಖಚಿತ ತೀರ್ಮಾನಕ್ಕೆ ಬರುವ ಅಗತ್ಯ ಅಲ್ಲಿ ಅಷ್ಟಿತ್ತು.

ಬಹುಜನರ ನಕ್ಷತ್ರಗಳು

1996ರಲ್ಲಿ ಬಾಸ್ಟನ್‌ನ ಆಲ್‌ಸ್ಟ್ರೋಮ್ ಸಹೋದರರು ಆರಂಭಿಸಿದ ಬಿಯರ್‌ಅಡ್ವೊಕೇಟ್, 2000ದ ರೇಟ್‌ಬಿಯರ್, 2010ರ ಅನ್‌ಟ್ಯಾಪ್ಡ್ ಎಂಬ ಜಾಲತಾಣ, ಆ್ಯಪ್‌ಗಳು ರುಚಿಪರೀಕ್ಷೆಯನ್ನು ಲಕ್ಷಾಂತರ ಜನರ ಕೈಗೆ ತಂದವು. ಮೊದಲಿನ ಎರಡರಲ್ಲಿ ಬಿಜೆಸಿಪಿ ಹಾಳೆಯ ನೆರಳಿತ್ತು: ಪರಿಮಳ, ನೋಟ, ರುಚಿ ಮೊದಲಾದವಕ್ಕೆ ಬೇರೆ ಬೇರೆ ಅಂಕ, ಜೊತೆಗೆ ಬರಹ. ಅನ್‌ಟ್ಯಾಪ್ಡ್‌ನಲ್ಲಿ ಐದರೊಳಗಿನ ಒಂದೇ ಅಂಕ, ಬರಹ ಐಚ್ಛಿಕ. ಬಳಕೆದಾರರು ಹೆಚ್ಚಿದರು, ಪ್ರತಿ ಅಂಕ ಹೇಳುವ ವಿಷಯ ಕುಗ್ಗಿತು.

ಈ ಪಟ್ಟಿಗಳಲ್ಲಿ ಸರಾಸರಿಯನ್ನು ನೇರವಾಗಿ ನಂಬುವಂತಿಲ್ಲ. ಐವರು ಗೆಳೆಯರು ಸೇರಿ 4.8 ಕೊಟ್ಟ ಬಿಯರ್, ಐದು ಸಾವಿರ ಜನ 4.5 ಕೊಟ್ಟದ್ದನ್ನು ಹಿಂದಿಕ್ಕಬಾರದು. ಆದ್ದರಿಂದ ಕಡಿಮೆ ಮತ ಬಿದ್ದ ಬಿಯರ್‌ನ ಅಂಕವನ್ನು ಒಟ್ಟು ಸರಾಸರಿಯ ಕಡೆಗೆ ಎಳೆಯುವ ಬೇಸಿಯನ್ ಲೆಕ್ಕ ಬಳಸುತ್ತಾರೆ. ಗಣಿತದಿಂದ ಸರಿಪಡಿಸಲಾಗದ್ದು ಕೆಲವು ಶೈಲಿಗಳ ಕಡೆಗಿನ ಒಲವು. ಶೈಲಿ ಬಿಟ್ಟು ಬರೀ ಇಷ್ಟಾನಿಷ್ಟದ ಮೇಲೆ ಅಂಕ ಕೊಟ್ಟಾಗ ಶಿಖರ ಏರುವುದು ಬಹುತೇಕ ಇಂಪೀರಿಯಲ್ ಸ್ಟೌಟ್‌ಗಳು, ಡಬಲ್ ಐಪಿಎಗಳು. ತಳಕ್ಕೆ ಬೀಳುವುದು ತೆಳು ಲಾಗರ್‌ಗಳು. ಹಲವು ಬಿಯರ್‌ಗಳ ನಡುವೆ ಒಂದು ಗುಟುಕಿನಲ್ಲಿ ಗಮನ ಸೆಳೆಯುವುದು ತೀವ್ರತೆ. ನಿರ್ದೋಷ ಪಿಲ್ಸ್‌ನರ್ ಮಾಡುವುದು ಸ್ಟೌಟ್‌ಗಿಂತ ಕಷ್ಟ, ಅದರಲ್ಲಿ ತಪ್ಪು ಮುಚ್ಚಿಡಲು ಜಾಗವಿಲ್ಲ ಎಂದು ಬ್ರೂವರ್‌ಗಳೇ ಹೇಳುತ್ತಾರೆ. ಪಟ್ಟಿಗಳಲ್ಲಿ ಆ ಶ್ರಮಕ್ಕೆ ಬೆಲೆಯಿಲ್ಲ.

ದುರ್ಲಭತೆಯೂ ಅಂಕ ಏರಿಸುತ್ತದೆ. ಬೆಲ್ಜಿಯಂನ ಸಂತ ಸಿಕ್ಸ್‌ಟಸ್ ಮಠದ ಟ್ರ್ಯಾಪಿಸ್ಟ್ ಸನ್ಯಾಸಿಗಳು ಮಠದ ಖರ್ಚಿಗೆ ಬೇಕಾದಷ್ಟೇ ಮಾಡುವ, ಬಾಟಲಿಗೆ ಲೇಬಲ್ಲೇ ಇಲ್ಲದಿದ್ದ ವೆಸ್ಟ್‌ವ್ಲೆಟೆರೆನ್ 12 ಅನ್ನು 2005ರಲ್ಲಿ ರೇಟ್‌ಬಿಯರ್ ಬಳಗ ಜಗತ್ತಿನ ಶ್ರೇಷ್ಠ ಬಿಯರ್ ಎಂದಿತು. ಮಠದ ಬಾಗಿಲಿಗೆ ಕಾರುಗಳ ಸಾಲು ನಿಂತಿತು. ಶೇ. 10.2 ಮದ್ಯಾಂಶದ ಅದು ಸೊಗಸಾದ ಬಿಯರ್ ಎಂಬುದರಲ್ಲಿ ಎರಡು ಮಾತಿಲ್ಲ, ಆದರೆ ಸುಲಭವಾಗಿ ಅಂಗಡಿಯಲ್ಲಿ ಸಿಗುತ್ತಿದ್ದರೆ ಆ ಪಟ್ಟ ಸಿಗುತ್ತಿತ್ತೇ ಎಂಬುದು ನ್ಯಾಯವಾದ ಸಂಶಯ.

ಈ ತಾಣಗಳ ಬರಹಗಳನ್ನು ಆಧರಿಸಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನಗಳು ಕುತೂಹಲಕರ. ಅನುಭವ ಬೆಳೆದಂತೆ ವಿಮರ್ಶಕರ ತೀರ್ಪುಗಳು ಪರಸ್ಪರ ಹತ್ತಿರವಾಗುತ್ತವೆ; ಮೇಲಿನ ಬಿಯರ್‌ಗಳಿಗೆ ಹೊಸಬರಿಗಿಂತ ಹೆಚ್ಚು, ಕೆಳಗಿನವಕ್ಕೆ ಹೊಸಬರಿಗಿಂತ ಕಡಿಮೆ ಅಂಕ ಕೊಡುತ್ತಾರೆ. ಹೊಸ ಸದಸ್ಯರು ಮೊದಮೊದಲು ಬಳಗದ ನುಡಿಗಟ್ಟನ್ನು ಬೇಗ ಕಲಿತು, ಒಂದು ಹಂತದ ನಂತರ ಬದಲಾಗುವುದನ್ನೇ ನಿಲ್ಲಿಸಿಬಿಡುತ್ತಾರೆ ಎಂಬುದೂ ಕಂಡುಬಂತು. ಅಂದರೆ ಪರಿಣತಿಯ ಒಂದು ಪಾಲು ನಿಜವಾದ ಸಂವೇದನೆ, ಇನ್ನೊಂದು ಪಾಲು ಸಹವಾಸ.

ರೇಟ್‌ಬಿಯರ್‌ನಲ್ಲಿ ಬೃಹತ್ ಬಿಯರ್ ಕಂಪನಿ ಎಬಿ ಇನ್‌ಬೆವ್‌ನ ಅಂಗಸಂಸ್ಥೆ ಪಾಲು ಕೊಂಡಿದೆ ಎಂಬುದು 2017ರಲ್ಲಿ ಬಯಲಾದಾಗ ಗದ್ದಲವೆದ್ದಿತು. ತೀರ್ಪುಗಾರರ ಮನೆಯನ್ನು ಸ್ಪರ್ಧಿಯೇ ಕೊಂಡಂತಾಯಿತು ಎಂದು ಕೆಲವು ಬ್ರೂವರಿಗಳು ತಮ್ಮ ಬಿಯರ್‌ಗಳನ್ನು ಪಟ್ಟಿಯಿಂದ ತೆಗೆಯುವಂತೆ ಕೇಳಿದವು. ಎರಡು ವರ್ಷದ ನಂತರ ಪೂರ್ಣ ಒಡೆತನವೂ ಅದಕ್ಕೇ ಸೇರಿತು. 2025ರ ಆರಂಭದಲ್ಲಿ ತಾಣವನ್ನು ಮುಚ್ಚಲಾಯಿತು.

ಬೆಂಗಳೂರು

ಕರ್ನಾಟಕಕ್ಕೆ ಕ್ರಾಫ್ಟ್ ಬಿಯರ್ ಬಂದದ್ದು 2010ರ ದಶಕದ ಆರಂಭದಲ್ಲಿ, ಬೆಂಗಳೂರಿನ ಬ್ರೂಪಬ್‌ಗಳ ಮೂಲಕ. ಇಂದಿರಾನಗರದ ಟಾಯ್ಟ್, ವಿಠಲ್ ಮಲ್ಯ ರಸ್ತೆಯ ಬಿಯರ್ ಕ್ಲಬ್, ಮಿಷಿಗನ್‌ನ ಆನ್ ಆರ್ಬರ್ ನಂಟಿನ ಆರ್ಬರ್ ಬ್ರೂಯಿಂಗ್, ವೈಟ್‌ಫೀಲ್ಡ್‌ನ ವಿಂಡ್‌ಮಿಲ್ಸ್ ಆ ಮೊದಲ ಸಾಲಿನವು. ಗೋಧಿಯ ವೈಸ್‌ಬಿಯರ್ ಇಲ್ಲದ ಮೆನು ಇಲ್ಲಿ ಅಪರೂಪ. ಕಹಿ ಕಡಿಮೆ, ಬಾಳೆಹಣ್ಣಿನ ಪರಿಮಳ ಹೆಚ್ಚಿರುವ ಅದು ಹೊಸಬರಿಗೆ ಬೇಗ ಒಗ್ಗುತ್ತದೆ. ಬೇಸಿಗೆಯಲ್ಲಿ ಮಾವಿನ ಬಿಯರ್, ಮಲೆನಾಡಿನ ಕಾಫಿ ಹಾಕಿದ ಸ್ಟೌಟ್, ರಾಗಿ ಬೆರೆಸಿದ ಏಲ್ ಪ್ರಯೋಗಗಳೂ ನಡೆದಿವೆ. ಬಿಜೆಸಿಪಿ ಪುಸ್ತಕದಲ್ಲಿ ರಾಗಿಗೆಂದು ಪ್ರತ್ಯೇಕ ಶೈಲಿಯಿಲ್ಲ; 2015ರ ಆವೃತ್ತಿಯಿಂದ ಇರುವ 'ಪರ್ಯಾಯ ಧಾನ್ಯ' ವಿಭಾಗದಲ್ಲಿ ಅದನ್ನು ಸಲ್ಲಿಸಬಹುದು, ಮೂಲ ಶೈಲಿ ಯಾವುದು, ಯಾವ ಧಾನ್ಯ ಬಳಸಿದೆ ಎಂದು ತಯಾರಕರು ಬರೆದುಕೊಡಬೇಕು. ರಾಗಿಯ ಪರಿಮಳ ಹೇಗಿರಬೇಕೆಂದು ಹೇಳಬಲ್ಲವರು, ಹುರಿದ ರಾಗಿಗೂ ಸೀದ ರಾಗಿಗೂ ವ್ಯತ್ಯಾಸ ಬಲ್ಲವರು ಅಮೆರಿಕಕ್ಕಿಂತ ಇಲ್ಲೇ ಹೆಚ್ಚು ಸಿಕ್ಕಾರು. ಆ ತಿಳಿವಳಿಕೆಯನ್ನು ಅಂಕದ ಹಾಳೆಗೆ ಇಳಿಸುವ ಕೆಲಸವನ್ನು ಕನ್ನಡ ಬಲ್ಲ ಪರೀಕ್ಷಕರೇ ಮಾಡಬೇಕಿದೆ.

ಬಿಯರ್ ಪಕ್ಕದ ಕೋಣೆಯ ತೊಟ್ಟಿಯಿಂದಲೇ ಲೋಟಕ್ಕೆ ಇಳಿಯುವುದು ಬ್ರೂಪಬ್‌ನ ದೊಡ್ಡ ಅನುಕೂಲ. ಹಳತಾದ, ಬೆಳಕು ತಾಗಿದ ಬಿಯರ್‌ನ ಭಯ ಅಲ್ಲಿ ಕಡಿಮೆ. ಬಹಳ ಕಡೆ ನಾಲ್ಕಾರು ಸಣ್ಣ ಲೋಟಗಳ ಸ್ಯಾಂಪ್ಲರ್ ಕೊಡುತ್ತಾರೆ. ರುಚಿಪರೀಕ್ಷೆ ಕಲಿಯಬೇಕೆನ್ನುವವರು ಅಲ್ಲಿಂದ ಶುರುಮಾಡುವುದು ಲೇಸು: ಜೊತೆಯವರಿಂದ ಲೋಟಗಳನ್ನು ಅದಲುಬದಲು ಮಾಡಿಸಿ, ಮೆನು ಮುಚ್ಚಿಟ್ಟು, ಮೂಗಿಗೆ ಬಂದದ್ದನ್ನು ಮೊದಲು ಬರೆದು, ಅಂಕವನ್ನು ಕೊನೆಗೆ ಹಾಕಿ. ಬಾಟಲಿಯೋ ಕ್ಯಾನೋ ಆದರೆ ಹಾಪ್ಸ್ ಹೆಚ್ಚಿರುವ ಬಿಯರ್ ಕೊಳ್ಳುವಾಗ ನಕ್ಷತ್ರಗಳಿಗಿಂತ ಮೊದಲು ತಯಾರಾದ ದಿನಾಂಕ ನೋಡಿ. ಮೂರು ತಿಂಗಳು ದಾಟಿದ್ದರೆ ಅದಕ್ಕೆ ಯಾರು ಎಷ್ಟು ಅಂಕ ಕೊಟ್ಟಿದ್ದರೂ ಆ ಬಿಯರ್ ಈಗ ಆ ಬಾಟಲಿಯಲ್ಲಿಲ್ಲ.